ಮೂರು ಚಿನ್ನ, ಮೂರು ಬಾವುಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಇದೇ ಅಂಕಣದಲ್ಲಿ ಬಯಾಥ್ಲಾನ್ ಆಟಗಾರ್ತಿ ಅನ್ಫಿಸಾ ರೆಜ್ತ್ಸೋವಾ ಅವರನ್ನು ಕುರಿತು, ಎರಡು ಬೇರೆ ಬೇರೆ ಚಳಿಗಾಲದ ಕ್ರೀಡೆಗಳಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಮಹಿಳೆ ಎಂದು ಒಂದೆರಡು ಸಾಲು ಬರೆದಿದ್ದೆವು. ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಸಾಗುವುದು, ನಡುನಡುವೆ ನಿಂತು ಬಂದೂಕಿನಿಂದ ಗುರಿ ಹೊಡೆಯುವುದು, ಈ ಎರಡೂ ಸೇರಿದ ಆಟವೇ ಬಯಾಥ್ಲಾನ್. ಆಗುಂಬೆಯಲ್ಲಿ ಮಳೆ ಬಿಡದೆ ಸುರಿಯುತ್ತಿರುವ ಈ ದಿನಗಳಲ್ಲಿ ಹಿಮದ ಆಟವೊಂದರ ಬಗ್ಗೆ ಮಲೆನಾಡಿನಿಂದಲೇ ಇಷ್ಟು ಪತ್ರಗಳು ಬರುತ್ತವೆಂದು ನಾವು ಎಣಿಸಿರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಶಾಲೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ, ರೆಜ್ತ್ಸೋವಾ ಈ ದಾಖಲೆ ಮಾಡಿದಾಗ ಯಾವ ದೇಶದ ಪರ ಆಡುತ್ತಿದ್ದರು ಎಂದು ಕೇಳಿದೆವು. ಒಂದು ತಂಡ ಸೋವಿಯತ್ ಒಕ್ಕೂಟ ಎಂದಿತು, ಇನ್ನೊಂದು ತಂಡ ರಷ್ಯಾ ಎಂದಿತು. ಮಕ್ಕಳು ಇನ್ನೂ ಜಗಳ ಬಿಟ್ಟಿಲ್ಲ. ಅಂಕ ಯಾರಿಗೆ ಸಲ್ಲಬೇಕು?
(ಪ್ರೌಢಶಾಲಾ ಶಿಕ್ಷಕಿ, ಸಾಗರ)

ಉತ್ತರ: ಕಟ್ಟುನಿಟ್ಟಾಗಿ ನೋಡಿದರೆ ಯಾರಿಗೂ ಸಲ್ಲುವುದಿಲ್ಲ. ಆದರೆ ಎರಡೂ ತಂಡದವರು ಅರ್ಧ ದಾರಿಯವರೆಗೆ ಸರಿಯಾಗಿಯೇ ಬಂದಿದ್ದಾರೆ ಎನ್ನುವುದನ್ನು ಮಕ್ಕಳಿಗೆ ಹೇಳಿ.

ರೆಜ್ತ್ಸೋವಾ ಹುಟ್ಟಿದ್ದು 1964ರ ಡಿಸೆಂಬರ್ 16ರಂದು, ರಷ್ಯಾದ ವ್ಲಾದಿಮಿರ್ ಪ್ರಾಂತ್ಯದ ಯಾಕಿಮೆಟ್ಸ್ ಎಂಬ ಊರಿನಲ್ಲಿ. ತವರಿನ ಹೆಸರು ರೊಮಾನೋವಾ. ಅವರು ಮೊದಲು ಹೆಸರು ಮಾಡಿದ್ದು ಬಂದೂಕಿನ ಗೊಡವೆಯೇ ಇಲ್ಲದ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ. 1985ರಲ್ಲಿ ಆಸ್ಟ್ರಿಯಾದ ಝೀಫೆಲ್ಡ್‌ನಲ್ಲಿಯೂ 1987ರಲ್ಲಿ ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿಯೂ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಚಿನ್ನ ಗೆದ್ದ ಸೋವಿಯತ್ ರಿಲೇ ತಂಡದಲ್ಲಿ ಅವರಿದ್ದರು. 1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 20 ಕಿಲೋಮೀಟರ್ ಸ್ಪರ್ಧೆಯಲ್ಲಿ ತಮ್ಮದೇ ತಂಡದ ತಮಾರಾ ತಿಖೋನೋವಾ ಅವರ ಹಿಂದೆ ಬೆಳ್ಳಿ, ನಾಲ್ವರ ರಿಲೇಯಲ್ಲಿ ಚಿನ್ನ ಪಡೆದರು. ಈ ಮೊದಲ ಚಿನ್ನ ಬಂದಿದ್ದು ಸೋವಿಯತ್ ಒಕ್ಕೂಟದ ಕೆಂಪು ಬಾವುಟದಡಿ. ನಿಮ್ಮ ಮೊದಲ ತಂಡದ ಮನಸ್ಸಿನಲ್ಲಿದ್ದದ್ದು ಇದೇ ಇರಬೇಕು.

ದಾಖಲೆ ಪೂರ್ಣವಾದದ್ದು ಮಾತ್ರ 1992ರ ಫೆಬ್ರವರಿ 11ರಂದು, ಫ್ರಾನ್ಸಿನ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ. ಮಹಿಳೆಯರ ಬಯಾಥ್ಲಾನ್‌ಗೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕಿದ್ದೂ ಆ ಕೂಟದಲ್ಲಿಯೇ. ಗಂಡಸರ ಸ್ಪರ್ಧೆ 1960ರಿಂದಲೇ ನಡೆಯುತ್ತಿತ್ತು. ಹೆಂಗಸರು ಮೂವತ್ತೆರಡು ವರ್ಷ ಕಾಯಬೇಕಾಯಿತು. ಆ ದಿನ ನಡೆದ 7.5 ಕಿಲೋಮೀಟರ್ ಸ್ಪ್ರಿಂಟ್ ಗೆದ್ದ ರೆಜ್ತ್ಸೋವಾ ಮಹಿಳಾ ಬಯಾಥ್ಲಾನ್‌ನ ಮೊಟ್ಟಮೊದಲ ಒಲಿಂಪಿಕ್ ಚಾಂಪಿಯನ್ ಕೂಡ ಆದರು. ಆದರೆ ಅವರ ಸೋವಿಯತ್ ಒಕ್ಕೂಟ ಅದಕ್ಕೆ ಏಳು ವಾರಗಳ ಹಿಂದೆ, 1991ರ ಡಿಸೆಂಬರ್ ಕೊನೆಯಲ್ಲಿ, ವಿಸರ್ಜನೆಯಾಗಿ ಹೋಗಿತ್ತು. ರಷ್ಯಾ, ಉಕ್ರೇನ್, ಬೆಲಾರೂಸ್, ಕಝಾಕಸ್ತಾನ್, ಉಜ್ಬೇಕಿಸ್ತಾನ್ ಮತ್ತು ಆರ್ಮೇನಿಯಾಗಳ ಆಟಗಾರರು 'ಸಂಯುಕ್ತ ತಂಡ' ಎಂಬ ಹೆಸರಿನಲ್ಲಿ ಒಟ್ಟಾಗಿ ಬಂದಿದ್ದರು. ಹೀಗಾಗಿ ಪದಕ ಪ್ರದಾನದ ವೇಳೆ ಅವರಿಗಾಗಿ ಏರಿದ್ದು ಐದು ಬಳೆಗಳ ಒಲಿಂಪಿಕ್ ಧ್ವಜ, ಮೊಳಗಿದ್ದು ಒಲಿಂಪಿಕ್ ಗೀತೆ. ನಿಮ್ಮ ಪ್ರಶ್ನೆಗೆ ಸರಿಯುತ್ತರ 'ಸಂಯುಕ್ತ ತಂಡ'. ಅದು ದೇಶವೇ ಅಲ್ಲವಾದ್ದರಿಂದ, 'ಯಾವ ದೇಶ' ಎಂದು ಕೇಳಿದಾಗ ಮಕ್ಕಳು ತಡವರಿಸಿದ್ದು ಸಹಜ.

ಇನ್ನು ಎರಡನೆಯ ತಂಡದ ಉತ್ತರಕ್ಕೂ ಒಂದು ಚಿನ್ನವಿದೆ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ರಷ್ಯಾ ಎಂಬ ಹೆಸರಿನಲ್ಲಿಯೇ ತಂಡ ಬಂತು. ಆ ಕೂಟದಲ್ಲಿ ರೆಜ್ತ್ಸೋವಾ ಅವರಿಗೆ ವೈಯಕ್ತಿಕ ಪದಕ ದಕ್ಕಲಿಲ್ಲ. ಆದರೆ ನದೆಜ್ದಾ ತಲಾನೋವಾ, ನತಾಲ್ಯಾ ಸ್ನಿತಿನಾ, ಲೂಯಿಜಾ ನೊಸ್ಕೋವಾ ಅವರ ಜೊತೆಗೂಡಿ ಬಯಾಥ್ಲಾನ್ ರಿಲೇ ಗೆದ್ದರು. ಎರಡನೆಯ ಸ್ಥಾನದ ಜರ್ಮನಿ ಸುಮಾರು ನಾಲ್ಕು ನಿಮಿಷ ಹಿಂದಿತ್ತು. ಆರು ವರ್ಷಗಳ ಅಂತರದಲ್ಲಿ, ಊರು ಮನೆ ಬದಲಿಸದೆ, ಮೂರು ಚಿನ್ನಗಳನ್ನು ಮೂರು ಬಾವುಟಗಳಡಿ ಗೆದ್ದವರನ್ನು ಒಂದೇ ದೇಶದ ಹೆಸರಿನ ಮುಂದೆ ಬರೆದು ಮುಗಿಸುವುದು ಪಟ್ಟಿ ಮಾಡುವವರಿಗೆ ಅನುಕೂಲವೇ ಹೊರತು ಅವರ ಬದುಕಿಗೆ ಹೊಂದುವುದಿಲ್ಲ. ನಮ್ಮನ್ನು ಕೇಳಿದರೆ, ಎರಡೂ ತಂಡಗಳಿಗೆ ಅರ್ಧರ್ಧ ಅಂಕ ಕೊಟ್ಟುಬಿಡಿ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುತ್ತೇವೆ. ಈಡು ಹೊಡೆಯುವುದು ಏನೆಂದು ಸ್ವಲ್ಪ ಗೊತ್ತು. ರೆಜ್ತ್ಸೋವಾ ಆಲ್ಬರ್ಟ್‌ವಿಲ್‌ನಲ್ಲಿ ಮೂರು ಗುರಿ ತಪ್ಪಿಯೂ ಚಿನ್ನ ಗೆದ್ದರೆಂದು ಓದಿದೆ. ಗುರಿ ತಪ್ಪಿದವರಿಗೆ ಚಿನ್ನ ಕೊಡುವುದು ಯಾವ ನ್ಯಾಯ?
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಆಕ್ಷೇಪಕ್ಕೆ ಉತ್ತರ ಈ ಆಟದ ಲೆಕ್ಕದಲ್ಲಿಯೇ ಇದೆ. ಸ್ಪ್ರಿಂಟ್‌ನಲ್ಲಿ ಆಟಗಾರ್ತಿ ಎರಡೂವರೆ ಕಿಲೋಮೀಟರಿನ ಸುತ್ತನ್ನು ಮೂರು ಸಲ ಮುಗಿಸಬೇಕು. ಮೊದಲ ಸುತ್ತು ಮುಗಿದಾಗ ಬೋರಲು ಮಲಗಿ ಐದು ಈಡು, ಎರಡನೆಯದು ಮುಗಿದಾಗ ನಿಂತು ಐದು ಈಡು. ತಪ್ಪಿದ ಪ್ರತಿ ಗುರಿಗೂ ಅಲ್ಲೇ ಪಕ್ಕದಲ್ಲಿರುವ 150 ಮೀಟರಿನ ದಂಡದ ಸುತ್ತನ್ನು ಒಮ್ಮೆ ಹಾಕಿ ಬರಬೇಕು. ಅದಕ್ಕೆ ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಹೋಗುತ್ತದೆ. ಅಂದರೆ ತಪ್ಪಿಗೆ ಕ್ಷಮೆಯಿಲ್ಲ, ಬೆಲೆಯಿದೆ. ಆ ಬೆಲೆಯನ್ನು ಕಾಲಿನಿಂದ ತೀರಿಸುವ ಶಕ್ತಿ ಇದ್ದವರು ತೀರಿಸಬಹುದು.

ಆ ದಿನ ಬೆಳ್ಳಿ ಗೆದ್ದ ಜರ್ಮನಿಯ ಆಂಟ್ಯೆ ಮಿಸೆರ್ಸ್ಕಿಯೂ ಕಂಚು ಗೆದ್ದ ಯೆಲೆನಾ ಬೆಲೋವಾ ಅವರೂ ಎರಡೆರಡು ಗುರಿ ತಪ್ಪಿದ್ದರು. ರೆಜ್ತ್ಸೋವಾ ಇವರಿಬ್ಬರಿಗಿಂತ ಒಂದು ದಂಡದ ಸುತ್ತು ಹೆಚ್ಚು ಹಾಕಿಯೂ ಮಿಸೆರ್ಸ್ಕಿಗಿಂತ ಸುಮಾರು 16 ಸೆಕೆಂಡ್ ಕಡಿಮೆ ಸಮಯದಲ್ಲಿ ಸ್ಪರ್ಧೆ ಮುಗಿಸಿದರು. ಕ್ರಾಸ್ ಕಂಟ್ರಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರ ಕಾಲಿನ ಬಲ ಅದು. ಅವರನ್ನು ಒಳ್ಳೆಯ ಗುರಿಕಾರ್ತಿ ಎಂದು ಕೊಂಡಾಡಲು ನಾವೂ ಹೋಗುವುದಿಲ್ಲ. ಆದರೆ 1991–92 ಮತ್ತು 1992–93ರ ಎರಡೂ ಋತುಗಳಲ್ಲಿ ವಿಶ್ವಕಪ್‌ನ ಸಮಗ್ರ ಪ್ರಶಸ್ತಿ ಅವರದ್ದೇ ಆಗಿತ್ತು. ಇಡೀ ಚಳಿಗಾಲ ಊರಿಂದೂರಿಗೆ ಹೋಗಿ ಸ್ಪರ್ಧಿಸಿ ಗಳಿಸುವ ಅಂಕಗಳ ಮೇಲೆ ನಿರ್ಧಾರವಾಗುವ ಆ ಪ್ರಶಸ್ತಿ, ಗುರಿಯೇ ಬಾರದವರ ಪಾಲಿಗೆ ಎರಡು ವರ್ಷ ಸತತವಾಗಿ ಒಲಿಯುವಂಥದ್ದಲ್ಲ.

ನೀವು ಕೋವಿ ಹಿಡಿದವರಾದ್ದರಿಂದ ಇನ್ನೊಂದಿಷ್ಟು ವಿವರ. ಬಯಾಥ್ಲಾನ್‌ನ ಬಂದೂಕು ಪಾಯಿಂಟ್ ಟೂ ಟೂ ಗಾತ್ರದ ತೋಟಾ ಹಾಕುವ ರೈಫಲ್. ಕನಿಷ್ಠ ಮೂರೂವರೆ ಕಿಲೋ ತೂಗಲೇಬೇಕು. ಓಟದುದ್ದಕ್ಕೂ ಅದು ಬೆನ್ನ ಮೇಲೆಯೇ ಇರುತ್ತದೆ. ಗುರಿಗೆ ಐವತ್ತು ಮೀಟರ್ ದೂರ. ನಿಂತು ಹೊಡೆಯುವಾಗ ಗುರಿಯ ವ್ಯಾಸ 115 ಮಿಲಿಮೀಟರ್, ಮಲಗಿ ಹೊಡೆಯುವಾಗ ಬರೀ 45 ಮಿಲಿಮೀಟರ್. ನಿಮ್ಮ ತೋಟದ ದಪ್ಪನೆಯ ಹಣ್ಣಡಿಕೆಯೊಂದನ್ನು ಐವತ್ತು ಮೀಟರ್ ಆಚೆ ಇಟ್ಟರೆ ಅದರ ಅಂದಾಜು ಸಿಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು ಹಾಕುವಂತಿಲ್ಲ, ಸಣ್ಣ ತೂತಿನ ಮೂಲಕವೇ ನೋಡಬೇಕು.

ಮುಖ್ಯ ಕಷ್ಟ ಇರುವುದು ಉಸಿರಿನಲ್ಲಿ. ಕಾಡಂಚಿನಲ್ಲಿ ಹಂದಿಗೆ ಕಾದು ಕೂತವನಿಗೆ ಉಸಿರು ಹಿಡಿಯಲು ಬೇಕಾದಷ್ಟು ಸಮಯವಿರುತ್ತದೆ. ಇಲ್ಲಿ ಆಟಗಾರ್ತಿ ಏರು ಹತ್ತಿ ಏದುಸಿರು ಬಿಡುತ್ತ ಬಂದು, ಕೈಕೋಲುಗಳನ್ನು ಕೆಳಗಿಟ್ಟು, ಬೆನ್ನಿನಿಂದ ರೈಫಲ್ ಇಳಿಸಿ, ನಳಿಗೆಯ ತುದಿಗೆ ಹಿಮ ಮೆತ್ತದಂತೆ ಹಾಕಿರುವ ಮುಚ್ಚಳ ಸರಿಸಿ, ಚಾಪೆಯ ಮೇಲೆ ಮಲಗಿ, ತೋಳಿಗೆ ಕಟ್ಟಿದ ಪಟ್ಟಿಗೆ ರೈಫಲಿನ ವಾರು ಸಿಕ್ಕಿಸುತ್ತಾಳೆ. ಅಷ್ಟು ಹೊತ್ತೂ ಎದೆ ಬಡಿತಕ್ಕೆ ರೈಫಲಿನ ಮೂತಿ ಅಲುಗುತ್ತಲೇ ಇರುತ್ತದೆ. ಒಂದೆರಡು ಸಲ ದೀರ್ಘವಾಗಿ ಉಸಿರು ಬಿಟ್ಟು, ಉಸಿರು ನಿಂತ ಆ ಒಂದು ಗಳಿಗೆಯಲ್ಲಿ ಕುದುರೆ ಎಳೆಯಬೇಕು. ಐದೂ ಈಡು ಮುಗಿಸಲು ಪಳಗಿದವರಿಗೆ ಅರ್ಧ ನಿಮಿಷ ಸಾಕು. ನಿಧಾನ ಮಾಡಿದರೆ ಗುರಿ ಸಿಕ್ಕೀತು, ಆದರೆ ಸ್ಪರ್ಧೆ ಕೈತಪ್ಪೀತು. 1998ರ ನಾಗಾನೊದಲ್ಲಿ ಇದೇ ಸ್ಪ್ರಿಂಟನ್ನು ರಷ್ಯಾದ ಗಲೀನಾ ಕುಕ್ಲೆವಾ ಜರ್ಮನಿಯ ಉಶಿ ಡಿಸ್ಲ್ ಅವರಿಗಿಂತ 0.7 ಸೆಕೆಂಡ್ ಮುಂದಿದ್ದು ಗೆದ್ದರು. ಚಾಪೆಯ ಮೇಲೆ ಇನ್ನೊಂದು ಉಸಿರು ಹೆಚ್ಚು ತೆಗೆದುಕೊಂಡಿದ್ದರೆ ಆ ಚಿನ್ನ ಹೋಗುತ್ತಿತ್ತು.

ಪ್ರಶ್ನೆ: ರಷ್ಯಾದ ಆಟಗಾರರೆಂದರೆ ಮದ್ದು ಸೇವನೆಯ ಸುದ್ದಿಯೇ ಮೊದಲು ನೆನಪಾಗುತ್ತದೆ. ಈ ಪದಕಗಳನ್ನು ನಂಬಬಹುದೇ?
(ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ರೆಜ್ತ್ಸೋವಾ ಅವರ ಒಲಿಂಪಿಕ್ ಪದಕಗಳಲ್ಲಿ ಯಾವುದನ್ನೂ ಹಿಂಪಡೆದಿಲ್ಲ, ಅಧಿಕೃತ ಪಟ್ಟಿಯಲ್ಲಿ ಅವು ಹಾಗೆಯೇ ಇವೆ. ಅವರ ನಂತರದ ತಲೆಮಾರಿನ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಆಧಾರವುಂಟು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದ ಅಲ್ಬಿನಾ ಅಖಾತೋವಾ ಮತ್ತು ಅವರ ಸಹ ಆಟಗಾರ್ತಿ ಯೆಕತೆರೀನಾ ಯೂರ್ಯೆವಾ 2008ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೆ ಒಳಗಾದರು. 2014ರ ಸೋಚಿ ಒಲಿಂಪಿಕ್ಸ್‌ನ ಮಹಿಳಾ ರಿಲೇ ಬೆಳ್ಳಿಯನ್ನೂ ರಷ್ಯಾ ಕಳೆದುಕೊಂಡಿತು. ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. ಆದರೆ ಕೇಳಲೇಬಾರದ ಪ್ರಶ್ನೆ ಎಂದು ನಾವು ಹೇಳುವುದಿಲ್ಲ.

ಪ್ರಶ್ನೆ: ಮಗುವಾದ ಮೇಲೆ ಆಟವನ್ನೇ ಬದಲಿಸಿಕೊಂಡರೆಂದು ಕೇಳಿ ಆಶ್ಚರ್ಯವಾಯಿತು. ನಮ್ಮ ಕಡೆ ಮಗುವಾದ ಮೇಲೆ ಇದ್ದ ಕೆಲಸ ಉಳಿಸಿಕೊಳ್ಳುವುದೇ ಕಷ್ಟ. ಅವರ ಮಕ್ಕಳೂ ಆಟಕ್ಕೆ ಬಂದರೇ?
(ಗೃಹಿಣಿ, ಹೊಸನಗರ)

ಉತ್ತರ: ಬಂದರು, ಅದೂ ತಾಯಿಯ ಎರಡನೆಯ ಆಟಕ್ಕೇ. ಕ್ಯಾಲ್ಗರಿಯ ಮರುವರ್ಷ, 1989ರಲ್ಲಿ, ಮಗಳು ದಾರ್ಯಾ ಹುಟ್ಟಿದಳು. ಬಾಣಂತನದ ನಂತರ ರೆಜ್ತ್ಸೋವಾ ಹಳೆಯ ಕ್ರಾಸ್ ಕಂಟ್ರಿ ತಂಡಕ್ಕೆ ಮರಳುವ ಬದಲು ಬಯಾಥ್ಲಾನ್ ಹಿಡಿದರು. ಪತಿ ಲಿಯೊನಿದ್ ರೆಜ್ತ್ಸೋವ್ ಬಯಾಥ್ಲಾನ್ ಬಲ್ಲವರಾದ್ದರಿಂದ ಮನೆಯಲ್ಲಿಯೇ ಗುರುವಿದ್ದರು. ಇಪ್ಪತ್ತೈದರ ಆಸುಪಾಸಿನಲ್ಲಿ ಬಂದೂಕು ಕೈಗೆತ್ತಿಕೊಂಡು, ಎರಡೇ ವರ್ಷಗಳಲ್ಲಿ ಒಲಿಂಪಿಕ್ ಚಿನ್ನ ಮುಟ್ಟಿದರು. ಎಳೆಯ ಮಗುವಿದ್ದ ಮನೆಯಲ್ಲಿ ಅದು ಹೇಗೆ ಸಾಧ್ಯವಾಯಿತು ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಅರ್ಥವಾದೀತು. 1996ರಲ್ಲಿ ಇನ್ನೊಬ್ಬ ಮಗಳು ಕ್ರಿಸ್ತಿನಾ ಹುಟ್ಟಿದಳು. ಆಮೇಲೆ ಅವರು ಮತ್ತೆ ಕ್ರಾಸ್ ಕಂಟ್ರಿಗೆ ಮರಳಿ, 1999ರಲ್ಲಿ ಆಸ್ಟ್ರಿಯಾದ ರಾಮ್ಸಾವ್‌ನಲ್ಲಿ 34ನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ರಿಲೇ ಚಿನ್ನ ಗೆದ್ದರು. ಮೊದಲ ವಿಶ್ವ ಚಿನ್ನಕ್ಕೂ ಇದಕ್ಕೂ ನಡುವೆ ಹದಿನಾಲ್ಕು ವರ್ಷ. ಒಲಿಂಪಿಕ್ ಪದಕಗಳ ಗದ್ದಲದಲ್ಲಿ ಮರೆತುಹೋಗುವ ಈ ಗೆಲುವೇ ನಮ್ಮ ಕಣ್ಣಿಗೆ ದೊಡ್ಡದು.

ದಾರ್ಯಾ, ವಿರೊಲಾಯ್ನೆನ್ ಎಂಬ ಹೆಸರಿನಲ್ಲಿ, ವಿಶ್ವಕಪ್ ಸ್ಪರ್ಧೆಗಳಲ್ಲಿ ಆಡಿದರು. ಕ್ರಿಸ್ತಿನಾ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ರಿಲೇ ಬೆಳ್ಳಿಯನ್ನೂ ಮಿಶ್ರ ರಿಲೇ ಕಂಚನ್ನೂ ಗೆದ್ದರು. ಸಾಗರದ ಮೇಡಂ ಅವರು ಇದನ್ನೂ ಗುರುತು ಹಾಕಿಕೊಳ್ಳಬಹುದು: ಮದ್ದು ಸೇವನೆ ಪ್ರಕರಣದ ಶಿಕ್ಷೆಯಾಗಿ ರಷ್ಯಾದ ಹೆಸರು, ಬಾವುಟಗಳಿಗೆ ಆಗ ನಿರ್ಬಂಧವಿದ್ದುದರಿಂದ, ಮಗಳು ಆಡಿದ್ದು 'ರಷ್ಯಾದ ಒಲಿಂಪಿಕ್ ಸಮಿತಿ'ಯ ಹೆಸರಿನಲ್ಲಿ. ಆ ವರ್ಷದ ಮಾರ್ಚ್‌ನಿಂದ, ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ, ಅಂತರರಾಷ್ಟ್ರೀಯ ಬಯಾಥ್ಲಾನ್ ಒಕ್ಕೂಟ ರಷ್ಯಾದ ಆಟಗಾರರನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ತಾಯಿ 2023ರ ಅಕ್ಟೋಬರ್ 19ರಂದು, 58ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಕಾಲೇಜು ಮಟ್ಟದಲ್ಲಿ ದೂರದ ಓಟ ಓಡುತ್ತೇನೆ, ಎನ್‌ಸಿಸಿಯಲ್ಲಿ ಫೈರಿಂಗ್ ಮಾಡಿದ್ದೇನೆ. ಹಿಮವನ್ನು ಕಣ್ಣಿಂದ ಕಂಡಿಲ್ಲ. ಇಪ್ಪತ್ತು ದಾಟಿದ ಮೇಲೆ ಈ ಆಟ ಕಲಿಯುವುದು ಹುಚ್ಚುತನವೇ?
(ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಬಂದೂಕಿನ ಮಟ್ಟಿಗೆ ತಡವಾಗಿಲ್ಲ. ರೆಜ್ತ್ಸೋವಾ ಒಬ್ಬರೇ ಅಲ್ಲ, ಜರ್ಮನಿಯ ಡೆನಿಸ್ ಹೆರ್ಮನ್ ಕೂಡ 2014ರ ಸೋಚಿಯಲ್ಲಿ ಕ್ರಾಸ್ ಕಂಟ್ರಿ ರಿಲೇ ಕಂಚು ಗೆದ್ದ ಬಳಿಕವೇ ಬಯಾಥ್ಲಾನ್‌ಗೆ ಬಂದು 2022ರಲ್ಲಿ 15 ಕಿಲೋಮೀಟರ್ ಚಿನ್ನ ಗೆದ್ದರು. ಆದರೆ ಇಬ್ಬರೂ ಚಿಕ್ಕಂದಿನಿಂದ ಸ್ಕೀ ಮೇಲೆ ಬೆಳೆದವರು ಎಂಬುದನ್ನು ಮರೆಯಬೇಡಿ. ಎನ್‌ಸಿಸಿಯಲ್ಲಿ ನೀವು ಹಿಡಿದ ಪಾಯಿಂಟ್ ಟೂ ಟೂ ರೈಫಲ್‌ನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ, ಓಟದ ದಮ್ಮೂ ಬರುತ್ತದೆ. ಕಲಿಯಬೇಕಾದದ್ದು ಹಿಮದ ಮೇಲಿನ ಜಾರುನಡೆ. ಹಿಮವಿಲ್ಲದ ತಿಂಗಳುಗಳಲ್ಲಿ ಚಳಿದೇಶದವರೂ ಗಾಲಿ ಹಾಕಿದ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿಯೇ ಅಭ್ಯಾಸ ಮಾಡುತ್ತಾರೆ. ಮಲೆನಾಡಿನಲ್ಲಿ ಏರುರಸ್ತೆಗಳಿಗೆ ಬರವಿಲ್ಲ, ಆದರೆ ಲಾರಿ ಬಸ್ಸು ಓಡುವ ಘಾಟಿ ರಸ್ತೆಗೆ ಮಾತ್ರ ಇಳಿಯಬೇಡಿ.

ನಮ್ಮ ರಾಜ್ಯದಲ್ಲಿ ಈ ದಾರಿ ತೀರಾ ಹೊಸದೂ ಅಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಕಲಿತು, ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾರೆ. ಕಲಿಯಲು ಹೋಗುವುದಾದರೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ತರಬೇತಿ ನಡೆಸುತ್ತದೆ. ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಬೇರೆ, ಬಯಾಥ್ಲಾನ್‌ಗೆ ಬೇಕಾದ ಕ್ರಾಸ್ ಕಂಟ್ರಿ ಬೇರೆ. ಆದ್ದರಿಂದ ಹಣ ಕಟ್ಟುವ ಮೊದಲು ಎರಡನೆಯದನ್ನು ಕಲಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ, ಪರೀಕ್ಷೆಯ ದಿನಾಂಕಗಳೊಂದಿಗೆ ಹೊಂದುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.