ಯೂರಿನಲ್ಲಿ ಪ್ರೋಟೀನ್ 1+ ಬಂದಿದ್ದಕ್ಕೆ

ಅಪ್ಪನ ಯೂರಿನ್ ರಿಪೋರ್ಟಲ್ಲಿ ಪ್ರೋಟೀನ್ 1+ (ಅಂದ್ರೆ ಸ್ವಲ್ಪ ಪ್ರೋಟೀನ್ ಕಂಡಿದೆ ಅಂತ) ಬಂದಿದೆ, ದಿನಾ ಹುರುಳಿಕಾಳು ಸಾರು ತಿನ್ನೋದಕ್ಕಾ ಅಂತ ಕೇಳಿದ್ರಲ್ಲ, ಅಲ್ಲ ಸರ್. ತಿಂದ ಕಾಳು ಹಂಗೇ ಯೂರಿನ್‌ಗೆ ಬರಲ್ಲ, ಅದ್ರ ಪ್ರೋಟೀನು ಕರುಳಲ್ಲೇ ಅಮೈನೋ ಆಸಿಡ್ ಅನ್ನೋ ಚಿಕ್ಕ ತುಣುಕುಗಳಾಗಿ ಒಡೆದು ರಕ್ತಕ್ಕೆ ಸೇರುತ್ತೆ. ಕಿಡ್ನಿಲಿರೋ ಜರಡಿ ಆಲ್ಬುಮಿನ್ ತರದ ದೊಡ್ಡ ಪ್ರೋಟೀನನ್ನ ರಕ್ತದಲ್ಲೇ ತಡೆಯುತ್ತೆ, ನುಸುಳಿದ ಚಿಕ್ಕಪುಟ್ಟದನ್ನ ಮುಂದಿನ ನಳಿಕೆಯ ಜೀವಕೋಶಗಳು ಒಳಕ್ಕೆಳ್ಕೊಂಡು ಒಡೆದು ಅಮೈನೋ ಆಸಿಡ್ಡನ್ನ ವಾಪಸ್ ಕಳಿಸ್ತವೆ, ಇಷ್ಟಾದ್ಮೇಲೂ ದಿನಕ್ಕೆ 150 ಮಿಲಿಗ್ರಾಂಗಿಂತ ಕಮ್ಮಿ ಪ್ರೋಟೀನ್ ಯೂರಿನಲ್ಲಿ ಹೋಗೋದು ನಾರ್ಮಲ್ಲೇ, ಅದ್ರಲ್ಲಿ ಯೂರೊಮಾಡ್ಯುಲಿನ್ ಅನ್ನೋದನ್ನಂತೂ ಕಿಡ್ನಿನೇ ತಯಾರಿಸಿ ಬಿಡುತ್ತೆ. ಜ್ವರ ಇದ್ರೆ, ಇಲ್ಲಾ ಹಿಂದಿನ ದಿನ ಮುಳ್ಳಯ್ಯನಗಿರಿ ಹತ್ತಿಳಿದಿದ್ರೂ ಸ್ವಲ್ಪ ಏರಿ ಆಮೇಲೆ ಇಳಿಯುತ್ತೆ. ಹಾಸನದಲ್ಲೇ ಯಾವ್ದಾದ್ರೂ ಲ್ಯಾಬಲ್ಲಿ ಬೆಳಗಿನ ಮೊದಲ ಯೂರಿನ್ ಕೊಟ್ಟು ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೊ (ಕ್ರಿಯಾಟಿನಿನ್ ಅಂದ್ರೆ ಸ್ನಾಯುಗಳಿಂದ ಬರೋ ತ್ಯಾಜ್ಯ) ಮಾಡ್ಸಿ, ಕ್ರಿಯಾಟಿನಿನ್ ಗ್ರಾಂಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದ್ರೆ, ಅದ್ರಲ್ಲೂ ಶುಗರ್ ಬಿಪಿ ಇದ್ರೆ, ತಡ ಮಾಡ್ದೆ ಡಾಕ್ಟರ್‌ಗೆ ತೋರ್ಸಿ.