ಅತ್ತೆಯವರೊಂದಿಗೆ ಇಟಲಿಗೆ

ಪ್ರಶ್ನೆ: ಮೇ ತಿಂಗಳಲ್ಲಿ ಅತ್ತೆ, ಮಾವನವರೊಂದಿಗೆ ರೋಮ್ ಮತ್ತು ಫ್ಲಾರೆನ್ಸ್‌ಗೆ ಹೊರಟಿದ್ದೇವೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ಏನೇನು ನೋಡಿಕೊಳ್ಳಬೇಕು?
– ಒಬ್ಬ ಸೊಸೆ, ಶಿವಮೊಗ್ಗ

ಉತ್ತರ: ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಕೊಡಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಅಷ್ಟು ಮುಗಿಸಿ ಊಟದ ವಿಚಾರಕ್ಕೆ ಬನ್ನಿ, ನಿಜವಾದ ಪರೀಕ್ಷೆ ಅಲ್ಲಿದೆ.

‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತಾಜಾ ಪಾಸ್ತಾದ ಹಿಟ್ಟಿಗೆ ಹಲವೆಡೆ ಮೊಟ್ಟೆ ಹಾಕಿ ನಾದುತ್ತಾರೆ. ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿಯದು. ರಿಸೊಟ್ಟೊ ಎಂಬ ಅನ್ನದ ತಿನಿಸು ಬೇಯುವುದು ಹೆಚ್ಚಾಗಿ ಮಾಂಸದ ಸಾರಿನಲ್ಲಿ. ಪಾರ್ಮಿಜಾನೊ ಚೀಸ್‌ಗೆ ಹಾಲನ್ನು ಒಡೆಸುವುದು ಕರುವಿನ ಜಠರದ ಕಿಣ್ವದಿಂದ. ಇದನ್ನು ಅತ್ತೆಯವರಿಗೆ ಹೊರಡುವ ಮೊದಲೇ ತಿಳಿಸಿ, ತಟ್ಟೆಯ ಮುಂದೆ ಕೂತಾಗ ಅಲ್ಲ! ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಇಷ್ಟೇ, ಚೀಸ್ ಇಲ್ಲ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ವೊವಾ’ (ಮಾಂಸ, ಮೀನು, ಮೊಟ್ಟೆ ಇಲ್ಲದೆ) ಎಂದು ಬಾಯಿಪಾಠ ಮಾಡಿಸಿ. ಫ್ಲಾರೆನ್ಸ್‌ನ ಬಿಲ್ಲಿನಲ್ಲಿ ‘ಕೊಪೆರ್ತೊ’ (ಮೇಜಿಗೆ ಕೂತದ್ದಕ್ಕೆ ಶುಲ್ಕ) ಎಂದು ತಲೆಗಿಷ್ಟು ಸೇರಿಸಿದ್ದರೆ ಜಗಳಕ್ಕೆ ಇಳಿಯಬೇಡಿ, ಅದು ಅಲ್ಲಿಯ ಪದ್ಧತಿ.

ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾ ಚರ್ಚಿನಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಸೀರೆ ಉಟ್ಟ ಅತ್ತೆಯವರಿಗೆ ತೊಂದರೆಯಿಲ್ಲ. ನಿಮ್ಮ ಯಜಮಾನರ ಚಡ್ಡಿಯನ್ನು ಸೂಟ್‌ಕೇಸಿನಲ್ಲೇ ಬಿಡಿಸಿ.

ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲವಾದರೆ ದಂಡ. ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 2019ರಿಂದ ಕೂರುವಂತಿಲ್ಲ. ಮಾವನವರಿಗೆ ಮಂಡಿನೋವಿದ್ದರೆ ಹತ್ತಿಸಲೇಬೇಡಿ.