ಓದುಗರ ಪ್ರಶ್ನೆ: ಅಜ್ಜನ ಮಾತೋ, ಪಠ್ಯದ ಸಾಲೋ?

ಪ್ರಶ್ನೆ: ನಮ್ಮ ತಾಲ್ಲೂಕಿನ ಗೇಣಿದಾರರು ಜಮೀನು ಒಡೆಯರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹ ಸ್ವಾತಂತ್ರ್ಯಕ್ಕೂ ಮೊದಲು ನಡೆಯಿತೆಂದು ಗೇಣಿದಾರರಾಗಿದ್ದ ನಮ್ಮಜ್ಜ ಹೇಳುತ್ತಿದ್ದರು. ಮಗಳ ಶಾಲೆಯಲ್ಲಿ 1951 ಎಂದು ಕಲಿಸಿದ್ದಾರೆ. ಅವಳು ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ಇಸವಿಯ ಮಟ್ಟಿಗೆ ಶಾಲೆಯೇ ಸರಿ. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಬಂಧನವಾದದ್ದೂ 1951ರಲ್ಲೇ. ನಿಮ್ಮಜ್ಜ ಇದನ್ನು ಬ್ರಿಟಿಷರ ವಿರುದ್ಧದ 1942ರ ಈಸೂರು ಹೋರಾಟದೊಂದಿಗೆ ಬೆರೆಸಿಕೊಂಡಿರಬಹುದು. ಎರಡರಲ್ಲೂ ಪೊಲೀಸರು, ಜೈಲು ಇದ್ದುದರಿಂದ ಅದು ಅಚ್ಚರಿಯಲ್ಲ.

ಆದರೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲವಾಗಿತ್ತೆಂಬುದನ್ನು ಪಠ್ಯ ಒಂದು ಸಾಲಿನಲ್ಲಿ ಮುಗಿಸಿದರೆ, ಕಣದಲ್ಲಿ ಯಾರು ಅಳೆಯುತ್ತಿದ್ದರು, ಕೊಳಗದ ಬಾಯಿಗೆ ಕೋಲೆಳೆದು ಮಟ್ಟ ಮಾಡುತ್ತಿದ್ದರೋ ರಾಶಿ ಏರಿಸಿ ತುಂಬುತ್ತಿದ್ದರೋ, ಗಂಡಸರು ಜೈಲಿನಲ್ಲಿದ್ದಾಗ ಗದ್ದೆ ಕೆಲಸ ಯಾರ ಪಾಲಿಗೆ ಬಿತ್ತು ಎಂಬುದನ್ನೆಲ್ಲ ಮನೆಯ ಹಿರಿಯರೇ, ಅದರಲ್ಲೂ ಹೆಂಗಸರೇ ಹೇಳಬೇಕು. ಅವರನ್ನು ಕೇಳುವವರೇ ಕಡಿಮೆ ಎಂಬುದು ನನ್ನ ತಕರಾರು. ಜಮೀನು ಒಡೆಯರ ಮನೆಯ ನೆನಪು ಬೇರೆಯೇ ಇರುತ್ತದೆ. ಅದನ್ನೂ ಮಗಳು ಕೇಳಲಿ.

ಹಿರಿಯರನ್ನು ಇಸವಿ ಕೇಳುವ ಬದಲು, ಅದು ಯಾರ ಮದುವೆಗೆ ಮುಂಚೆ, ಯಾವ ಮಳೆಗಾಲದ ನಂತರ ಎಂದು ಕೇಳಿದರೆ ಉತ್ತರ ಖಚಿತವಾಗುತ್ತದೆ. ಜೊತೆಗೆ, 1974ರ ಭೂಸುಧಾರಣೆಯ ನಂತರ ನಿಮ್ಮ ಮನೆಯವರು ಗೇಣಿ ಜಮೀನಿನ ಹಕ್ಕು ಕೋರಿ ಡಿಕ್ಲರೇಷನ್ ಕೊಟ್ಟಿದ್ದರೆ, ಏಳನೇ ನಮೂನೆಯ ಆ ಅರ್ಜಿಯ ಪ್ರತಿಯೂ ಹಳೆಯ ಪಹಣಿಯೂ ಪೆಟ್ಟಿಗೆಯಲ್ಲಿರಬಹುದು, ಹುಡುಕಿಸಿ.